ಒಂದೇ ಬಯಲಿನ ಮೇಲೆ ಹಲವು ಡ್ರೋನ್: ಡಿಕ್ಕಿಯಾಗದಂತೆ ಹಾರಿಸುವ ಕ್ರಮ

ಮಂಜೇಶ್ವರದಿಂದ ದೇಲಂಪಾಡಿಯವರೆಗಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನವನ್ನು ಗೊತ್ತುಮಾಡುವುದು ಮಳೆ. ಮೊದಲ ಸುತ್ತು ಮುಂಗಾರು ಹಿಡಿಯುವ ಮೊದಲು ಮುಗಿಯಬೇಕು. ಎರಡನೆಯದು ಅದಾಗಿ 40–45 ದಿನಕ್ಕೆ, ಮಳೆಯ ನಡುವೆ ಸಿಕ್ಕಿದ ಬಿಸಿಲಿನಲ್ಲಿ. ಹಾಗೆ ಮಳೆ ಬಿಟ್ಟ ಬೆಳಗ್ಗೆ ಎಲ್ಲರಿಗೂ ಬೇಕಾಗುವುದು ಅದೇ ಮೂರು ನಾಲ್ಕು ಗಂಟೆ. ಒಂದು ಬಯಲಿನಲ್ಲಿ ಮೂರು ಮನೆಯವರು ಮೂರು ಕಡೆಯಿಂದ ಡ್ರೋನ್ ತರಿಸಿರುತ್ತಾರೆ. ಅದೇ ಹೊತ್ತಿಗೆ ಪಕ್ಕದ ಗುಡ್ಡದಿಂದ ಜಾಗದ ಸರ್ವೆಗೆ ಬಂದವರ ಡ್ರೋನ್ ಏಳುತ್ತದೆ, ಕೆಳಗೆ ಗೃಹಪ್ರವೇಶದ ವಿಡಿಯೋದವರದು.

ಕಾಸರಗೋಡಿನ ಮೇಲೆ ಸಾಗುವ ದೊಡ್ಡ ವಿಮಾನಗಳಿಗೆ ನೋಡಿಕೊಳ್ಳುವವರಿದ್ದಾರೆ. ಮಂಗಳೂರು, ಕಣ್ಣೂರು ಎರಡೂ ಚೆನ್ನೈ ವಾಯುಮಾಹಿತಿ ವಲಯಕ್ಕೆ (ವಿಮಾನ ಸಂಚಾರವನ್ನು ಚೆನ್ನೈಯವರು ನೋಡಿಕೊಳ್ಳುವ ಆಕಾಶದ ಭಾಗ) ಸೇರಿದವು. ಒಂದರ ಮೇಲೊಂದು ಹಾದುಹೋಗುವ ವಿಮಾನಗಳ ನಡುವೆ 1,000 ಅಡಿ ಅಂತರವನ್ನು ಕಂಟ್ರೋಲರ್‌ಗಳು ಕಾಯುತ್ತಾರೆ. ನೆಲದಿಂದ 120 ಮೀಟರ್‌ವರೆಗಿನ ಆಕಾಶಕ್ಕೆ ಅಂಥವರಿಲ್ಲ. ಡ್ರೋನ್ ಸಂಚಾರ ನಿರ್ವಹಣೆಗೆ ಕೇಂದ್ರ ಸರಕಾರ 2021ರ ಅಕ್ಟೋಬರ್‌ನಲ್ಲಿ ಒಂದು ನೀತಿ ಚೌಕಟ್ಟು ಹೊರಡಿಸಿದೆ. ಆದರೆ ಬಯಲಿನ ಮೂರು ಡ್ರೋನ್‌ಗಳನ್ನು ಬೇರೆಬೇರೆ ಇಡುವ ಕೆಲಸವನ್ನು ಅಲ್ಲಿ ನಿಂತವರೇ ಮಾಡಿಕೊಳ್ಳಬೇಕು. ಅದನ್ನು ಮಾಡುವ ವಿಧಾನ ಇಲ್ಲಿದೆ. ವಿಮಾನಯಾನದವರು ಕಷ್ಟಪಟ್ಟು ಕಲಿತ ನಾಲ್ಕೈದು ತತ್ವಗಳನ್ನೇ ತೋಟದ ಅಳತೆಗೆ ಇಳಿಸಿಕೊಂಡರೆ ಸಾಕು.

ಮೊದಲು ನಕ್ಷೆ, ಕಾಗದ

2021ರ ಆಗಸ್ಟ್ 25ರ ಡ್ರೋನ್ ನಿಯಮಗಳ ಪ್ರಕಾರ ಆಕಾಶ ಮೂರು ಬಣ್ಣದ್ದು. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಿಸಲು ಅನುಮತಿ ಬೇಡ. ಹಳದಿ ವಲಯದಲ್ಲಿ ವಾಯುಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪಿನಲ್ಲಿ ಕೇಂದ್ರ ಸರಕಾರದ್ದು. ವಿಮಾನ ನಿಲ್ದಾಣದ ಗಡಿಯಿಂದ 8–12 ಕಿಲೋಮೀಟರ್ ನಡುವೆ ಹಸಿರು 200 ಅಡಿಗೇ ಮುಗಿಯುತ್ತದೆ, ಅದರ ಮೇಲೆ ಹಳದಿ. ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯ ರನ್‌ವೇಯಿಂದ ತಲಪಾಡಿ ಗಡಿಗೆ ನೇರ ಗೆರೆಯಲ್ಲಿ 20 ಕಿಲೋಮೀಟರ್‌ಗೂ ಹೆಚ್ಚು. ಕಣ್ಣೂರು ವಿಮಾನ ನಿಲ್ದಾಣ ಇರುವ ಮಟ್ಟನ್ನೂರು ನಮ್ಮ ಜಿಲ್ಲೆಯ ಗಡಿಯಿಂದ ಇನ್ನೂ ದೂರ. ಹಾಗಾಗಿ ಈ ಎರಡು ನಿಲ್ದಾಣಗಳ ವರ್ತುಲ ಕಾಸರಗೋಡಿನ ತೋಟಗಳನ್ನು ಮುಟ್ಟುವುದಿಲ್ಲ.

ಹಾಗೆಂದು ನಕ್ಷೆ ನೋಡದೆ ಹಾರಿಸುವಂತಿಲ್ಲ. ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯೊಬ್ಬರು ಒಂದು ಜಾಗವನ್ನು ಒಮ್ಮೆಗೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ಮಂತ್ರಿಗಳ ಭೇಟಿ, ದೊಡ್ಡ ಉತ್ಸವ, ಗಲಾಟೆ ಇದ್ದಾಗ ಇದು ಬರುತ್ತದೆ. ಡಿಜಿಟಲ್ ಸ್ಕೈ ಎಂಬ ಸರಕಾರಿ ಜಾಲತಾಣದ ಡ್ರೋನ್ ನಕ್ಷೆಯನ್ನು ಹಿಂದಿನ ರಾತ್ರಿ ಒಮ್ಮೆ, ಹಾರಿಸುವ ಮೊದಲು ಇನ್ನೊಮ್ಮೆ ನೋಡಿ. ಪೆರ್ಲ–ಸಾರಡ್ಕ–ಅಡ್ಯನಡ್ಕ ಅಥವಾ ವರ್ಕಾಡಿ ಕಡೆ ಗಡಿಗೆ ತಾಗಿದ ತೋಟವಾದರೆ ಎರಡೂ ಜಿಲ್ಲೆಗಳದ್ದನ್ನು ನೋಡಬೇಕು. ದಕ್ಷಿಣ ಕನ್ನಡದ ಪೊಲೀಸರು ಹೊರಡಿಸಿದ ನಿರ್ಬಂಧ ಕಾಸರಗೋಡಿನ ಪತ್ರಿಕಾ ಪುಟದಲ್ಲಿ ಬರಬೇಕೆಂದೇನೂ ಇಲ್ಲ.

ಹತ್ತು ಲೀಟರ್ ಟ್ಯಾಂಕಿನ ಮದ್ದಿನ ಡ್ರೋನ್ ಸಾಮಾನ್ಯವಾಗಿ 2 ಕಿಲೋಗಿಂತ ಮೇಲೆ, 25 ಕಿಲೋದೊಳಗಿನ ‘ಸ್ಮಾಲ್’ ವರ್ಗಕ್ಕೆ ಸೇರುತ್ತದೆ. ಅದಕ್ಕೆ ನೋಂದಣಿ ಸಂಖ್ಯೆ, ಪೈಲಟ್‌ಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್, ಮೂರನೆಯವರ ಹಾನಿಗೆ ವಿಮೆ ಮೂರೂ ಬೇಕು. ಬಾಡಿಗೆಗೆ ಬಂದವರ ಹತ್ತಿರ ಈ ಮೂರು ಕಾಗದ ಕೇಳಿ ನೋಡುವುದು ತೋಟದವರ ಹಕ್ಕು. ಸಂಕೋಚ ಬೇಡ.

ಎತ್ತರಕ್ಕೆ ಎಲ್ಲರಿಗೂ ಒಂದೇ ಸೊನ್ನೆ

ಅತಿ ಹೆಚ್ಚು ಅಪಾಯ ಇರುವುದು ಇಲ್ಲಿ, ಅತಿ ಕಡಿಮೆ ಜನರಿಗೆ ಗೊತ್ತಿರುವುದೂ ಇದೇ. ಸಪಾಟಾದ ಊರಿನಲ್ಲಿ ತರಬೇತಿ ಪಡೆದು ಬಂದ ಪೈಲಟ್‌ಗಳಿಗೆ ಇದು ಹೊಳೆಯುವುದೇ ಇಲ್ಲ.

ಸಾಮಾನ್ಯ ಕ್ಯಾಮರಾ ಡ್ರೋನ್ ಸ್ಕ್ರೀನಿನಲ್ಲಿ ತೋರಿಸುವ ಎತ್ತರ ಅದು ಎದ್ದ ಜಾಗದಿಂದ ಲೆಕ್ಕ. ಸಮುದ್ರ ಮಟ್ಟದಿಂದಲೂ ಅಲ್ಲ, ಕೆಳಗಿನ ನೆಲದಿಂದಲೂ ಅಲ್ಲ. ಮದ್ದಿನ ಡ್ರೋನ್‌ನಲ್ಲಿ ಕೆಳಮುಖ ರಾಡಾರ್ ಇದ್ದರೆ ಅದು ತೋರಿಸುವುದು ಮರದ ತಲೆಯಿಂದ ಎಷ್ಟು ಮೇಲೆ ಎಂದು. ಜಿಪಿಎಸ್ ಎತ್ತರ ಮೂರನೆಯದೇ ಒಂದು ಅಂಕಿ. ಮೂವರು ಪೈಲಟ್‌ಗಳು ಫೋನಿನಲ್ಲಿ ಎತ್ತರ ಹೇಳಿಕೊಂಡರೆ ಮೂವರೂ ಬೇರೆಬೇರೆ ಅಳತೆಯಲ್ಲಿ ಮಾತಾಡುತ್ತಿರುತ್ತಾರೆ.

ನಮ್ಮ ನೆಲದ ರೂಪವೇ ಇದನ್ನು ಕೆಡಿಸುವುದು: ಮುರಕಲ್ಲಿನ ಗುಡ್ಡ, ಅದರ ಬುಡದಲ್ಲಿ ಆಳದ ತೋಟ. ಒಂದು ಲೆಕ್ಕ ನೋಡಿ. ತೋಟದ ನೆಲ ಸಮುದ್ರ ಮಟ್ಟದಿಂದ 40 ಮೀಟರ್, ಗುಡ್ಡದ ನೆತ್ತಿ 110 ಮೀಟರ್. ಗುಡ್ಡದಿಂದ ಎದ್ದ ಸರ್ವೆ ಡ್ರೋನ್ 30 ಮೀಟರ್ ಎನ್ನುತ್ತದೆ, ತೋಟದಿಂದ ಎದ್ದ ವಿಡಿಯೋ ಡ್ರೋನ್ 100 ಮೀಟರ್ ಎನ್ನುತ್ತದೆ. ಕೇಳಿದವರಿಗೆ ನಡುವೆ 70 ಮೀಟರ್ ಅಂತರ ಇದೆ ಅನಿಸುತ್ತದೆ. ನಿಜವಾಗಿ ಎರಡೂ ಸಮುದ್ರ ಮಟ್ಟದಿಂದ 140 ಮೀಟರ್‌ನಲ್ಲೇ ಇವೆ. ಇಬ್ಬರೂ ಕಾನೂನಿನ 120 ಮೀಟರ್ ಮಿತಿಯೊಳಗೇ ಇದ್ದಾರೆ, ಇಬ್ಬರೂ ನಿಜ ಹೇಳಿದ್ದಾರೆ, ಆದರೂ ಡಿಕ್ಕಿಯ ದಾರಿಯಲ್ಲಿದ್ದಾರೆ.

ವಿಮಾನಗಳಿಗೆ ಈ ತೊಂದರೆ ಬಾರದಿರಲು ನಿಯಂತ್ರಣ ಗೋಪುರ ಆ ಪ್ರದೇಶದ ಎಲ್ಲ ಪೈಲಟ್‌ಗಳಿಗೂ ಗಾಳಿಯ ಒತ್ತಡದ ಒಂದೇ ಅಂಕಿ ಕೊಡುತ್ತದೆ. ಎಲ್ಲರೂ ಎತ್ತರಮಾಪಕವನ್ನು ಅದಕ್ಕೆ ಹೊಂದಿಸುತ್ತಾರೆ. ನೀವೂ ಹಾಗೇ ಮಾಡಿ. ಎಲ್ಲರಿಗೂ ಗೊತ್ತಿರುವ ಒಂದು ಜಾಗವನ್ನು ಬಯಲಿನ ಸೊನ್ನೆ ಎಂದು ನಿಗದಿ ಮಾಡಿ. ಶಾಲೆಯ ಮೈದಾನ, ಭಜನಾ ಮಂದಿರದ ಅಂಗಳ ಯಾವುದಾದರೂ ಆಗುತ್ತದೆ. ಸೊನ್ನೆಯ ಜಾಗ 60 ಮೀಟರ್‌ನಲ್ಲಿದೆ ಎಂದುಕೊಳ್ಳಿ. ಗುಡ್ಡದ ಪೈಲಟ್ ತನ್ನ ಸ್ಕ್ರೀನಿನ ಅಂಕಿಗೆ 50 ಕೂಡಿಸಿ ಹೇಳಬೇಕು, ತೋಟದವನು 20 ಕಳೆದು ಹೇಳಬೇಕು. ಮೇಲಿನ ಉದಾಹರಣೆಯಲ್ಲಿ ಆಗ ಇಬ್ಬರ ಬಾಯಲ್ಲೂ ಬರುವುದು 80. ಅಪಾಯ ಕೂಡಲೇ ಕಿವಿಗೆ ಬೀಳುತ್ತದೆ. ಈ ಕೂಡಿಸುವ, ಕಳೆಯುವ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆದು ರಿಮೋಟಿಗೆ ಅಂಟಿಸಿ.

ನೆಲದ ಎತ್ತರವನ್ನು ಗೂಗಲ್ ಅರ್ತ್‌ನಿಂದ ತೆಗೆಯಬಹುದು, ಆದರೆ ಮರ ದಟ್ಟವಾಗಿರುವಲ್ಲಿ ಅದು ಹಲವು ಮೀಟರ್ ತಪ್ಪುತ್ತದೆ. ಇನ್ನೂ ಒಳ್ಳೆಯ ದಾರಿ ಇದೆ: ಒಂದು ಸಣ್ಣ ಡ್ರೋನನ್ನು ಸೊನ್ನೆಯ ಜಾಗದಿಂದ ಎಬ್ಬಿಸಿ, ಉಳಿದ ಪ್ರತಿಯೊಂದು ಹಾರುವ ಜಾಗದಲ್ಲೂ ಇಳಿಸಿ, ಇಳಿದಾಗ ತೋರಿಸುವ ಅಂಕಿ ಬರೆದುಕೊಳ್ಳಿ. ಡ್ರೋನ್‌ನ ಒತ್ತಡಮಾಪಕ (ಗಾಳಿಯ ಒತ್ತಡದಿಂದ ಎತ್ತರ ಲೆಕ್ಕ ಹಾಕುವ ಭಾಗ) ಸ್ವಲ್ಪ ಹೊತ್ತಿನ ಮಟ್ಟಿಗೆ ಇಷ್ಟಕ್ಕೆ ಸಾಕಷ್ಟು ನಿಖರ. ಒತ್ತಡ 1 ಹೆಕ್ಟೋಪಾಸ್ಕಲ್ ಬದಲಾದರೆ ಎತ್ತರದಲ್ಲಿ ಸುಮಾರು 8–9 ಮೀಟರ್ ವ್ಯತ್ಯಾಸ ಕಾಣುತ್ತದೆ. ಬೆಳಗ್ಗೆ ಆರರಿಂದ ಹತ್ತರೊಳಗೆ ಅಷ್ಟು ಬದಲಾಗುವುದು ಸಾಮಾನ್ಯ. ಅದಕ್ಕೇ ಬ್ಯಾಟರಿ ಬದಲಿಸುವಾಗ ಡ್ರೋನನ್ನು ಪೂರ್ತಿ ಆಫ್ ಮಾಡಿ, ಮತ್ತೆ ಅದೇ ಜಾಗದಿಂದಲೇ ಎಬ್ಬಿಸಿ. ‘ಇಲ್ಲಿ ನೆರಳಿದೆ’ ಎಂದು ಇಪ್ಪತ್ತು ಮೀಟರ್ ಮೇಲಿನ ಕಟ್ಟಕ್ಕೆ ಸರಿದು ಎಬ್ಬಿಸಿದರೆ ಲೆಕ್ಕವೆಲ್ಲ ಹಾಳು.

ಪದರ ಮತ್ತು ತುಂಡು

ಸೊನ್ನೆ ಸಿಕ್ಕಿದ ಮೇಲೆ ಎತ್ತರವನ್ನು ಪದರ ಮಾಡಿ. ಮೇಲಿನದೇ ಬಯಲಿನಲ್ಲಿ ಹೀಗೆ ಮಾಡಬಹುದು: ಮದ್ದಿನ ಡ್ರೋನ್‌ಗಳಿಗೆ ಸೊನ್ನೆಯಿಂದ ಅಳೆದು +45ರವರೆಗೆ. ಅಡಿಕೆ ಮರ 15–20 ಮೀಟರ್, ಅದರ ಮೇಲೆ 2–3 ಮೀಟರ್ ಬಿಟ್ಟು ಹಾರುವ ಡ್ರೋನ್‌ಗೆ ಏರುಕಟ್ಟಗಳ ತೋಟದಲ್ಲೂ ಇದು ಸಾಕಾಗುತ್ತದೆ. +45ರಿಂದ +75ರವರೆಗೆ ಯಾರೂ ಇರಕೂಡದು. ಕ್ಯಾಮರಾ, ಸರ್ವೆ ಡ್ರೋನ್‌ಗಳಿಗೆ +75ರಿಂದ +95. ಗುಡ್ಡದ ನೆತ್ತಿ +50ರಲ್ಲಿರುವುದರಿಂದ +75 ಅಂದರೆ ನೆತ್ತಿಯ ಮರಗಳಿಗಿಂತ ಮೇಲೆ. ತೋಟದ ನೆಲ −20ರಲ್ಲಿರುವುದರಿಂದ +95 ಅಂದರೆ ಅಲ್ಲಿ ನೆಲದಿಂದ 115 ಮೀಟರ್, ಕಾನೂನಿನ ಮಿತಿಯೊಳಗೆ. ಬಯಲಿಗೂ ನೆತ್ತಿಗೂ 80 ಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎರಡು ಪದರಕ್ಕೆ ಜಾಗ ಸಿಗುವುದಿಲ್ಲ. ಆಗ ಎತ್ತರ ಬಿಟ್ಟು ಹೊತ್ತು ಹಂಚಿಕೊಳ್ಳಿ: ಮದ್ದು ಬಿಡುವವರು ಬೆಳಗ್ಗೆ, ಸರ್ವೆಯವರು ಆಮೇಲೆ.

ಒಂದೇ ಪದರದಲ್ಲಿರುವ ಮದ್ದಿನ ಡ್ರೋನ್‌ಗಳನ್ನು ಬೇರೆ ಮಾಡುವುದು ಅಡ್ಡಗಲದಲ್ಲಿ. ಬಯಲನ್ನು ತುಂಡು ಮಾಡಿ, ಒಂದು ತುಂಡಿಗೆ ಒಂದೇ ಡ್ರೋನ್. ತುಂಡುಗಳ ಗಡಿಯನ್ನು ಮೇಲಿಂದ ಕಾಣುವ ವಸ್ತುವಿನಿಂದ ಗುರುತಿಸಿ: ತೋಡು, ರಸ್ತೆ, ಹಂಚಿನ ಮಾಡು. ಜಾಗದ ಗಡಿಕಲ್ಲು ಮೇಲಿಂದ ಕಾಣುವುದಿಲ್ಲ. ಗಡಿಯ ಎರಡೂ ಬದಿ 25 ಮೀಟರ್‌ನಂತೆ 50 ಮೀಟರ್ ಪಟ್ಟಿಯನ್ನು ಕೊನೆಗೆ ಇಟ್ಟುಕೊಳ್ಳಿ. ಉಳಿದೆಲ್ಲ ಮುಗಿದ ಮೇಲೆ ಒಬ್ಬ ಪೈಲಟ್ ಒಬ್ಬನೇ ಹಾರಿ ಆ ಪಟ್ಟಿಗಳನ್ನು ಮುಗಿಸಲಿ.

ಎರಡು ಡ್ರೋನ್ ಒಂದರ ನೇರ ಮೇಲೆ ಇನ್ನೊಂದು ಹಾರುವುದು ಎಂದೂ ಬೇಡ. ಇಪ್ಪತ್ತು ಕಿಲೋ ತೂಗುವ ಡ್ರೋನ್ ಕೆಳಕ್ಕೆ ತಳ್ಳುವ ಗಾಳಿಯಲ್ಲಿ ಕೆಳಗಿನ ಸಣ್ಣ ಡ್ರೋನ್ ಎತ್ತುಬಲ ಕಳೆದುಕೊಂಡು ಕುಸಿಯುತ್ತದೆ.

ಸಿಗ್ನಲ್ ಹೋದಾಗ ಡ್ರೋನ್ ಎಲ್ಲಿ ಹೋಗುತ್ತದೆ

ಯೋಜನೆ ಚೆನ್ನಾಗಿದ್ದೂ ಡಿಕ್ಕಿಯಾಗುವುದು ಹೆಚ್ಚಾಗಿ ಇಲ್ಲಿ. ರಿಮೋಟಿನ ಸಂಪರ್ಕ ಕಡಿದರೆ ಡ್ರೋನ್ ತಾನೇ ನಿಗದಿತ ಎತ್ತರಕ್ಕೆ ಏರಿ, ಎದ್ದ ಜಾಗಕ್ಕೆ ನೇರ ಗೆರೆಯಲ್ಲಿ ಮರಳುತ್ತದೆ. ಬದಿಯಲ್ಲಿ ಯಾರ ತುಂಡು ಇದೆ ಎಂಬುದು ಅದಕ್ಕೆ ಗೊತ್ತಿಲ್ಲ. ಗುಡ್ಡದ ಮರೆಯಲ್ಲಿ, ದಟ್ಟ ತೋಟದಲ್ಲಿ ಸಂಪರ್ಕ ಕಡಿಯುವುದು ಅಪರೂಪವಲ್ಲ. ಪೆಟ್ಟಿಗೆಯಿಂದ ತೆಗೆದ ಹಾಗೇ ಹಾರಿಸಿದರೆ ಎಲ್ಲರ ಡ್ರೋನ್‌ನಲ್ಲೂ ಈ ಮರಳುವ ಎತ್ತರ ಹೆಚ್ಚುಕಡಿಮೆ ಒಂದೇ ಇರಬಹುದು.

ಎರಡು ಕ್ರಮ ಒಟ್ಟಿಗೆ ಬೇಕು. ಒಂದು, ಪ್ರತಿ ಡ್ರೋನ್ ಏಳುವ, ಇಳಿಯುವ ಜಾಗ ಅದರದೇ ತುಂಡಿನೊಳಗೆ ಇರಲಿ, ತುಂಡಿನ ಯಾವ ಮೂಲೆಯಿಂದ ನೇರ ಗೆರೆ ಎಳೆದರೂ ಅದು ತುಂಡಿನ ಹೊರಗೆ ಹೋಗದಿರಲಿ. ಬಾಗಿದ, ಎಲ್ ಆಕಾರದ ತೋಟವಾದರೆ ಅದನ್ನು ಎರಡು ತುಂಡು ಮಾಡಿ ಎರಡು ಜಾಗದಿಂದ ಹಾರಿಸಬೇಕು. ಎರಡು, ಮರಳುವ ಎತ್ತರ ಆಯಾ ಪದರದೊಳಗೇ ಇರಲಿ. ಮದ್ದಿನ ಡ್ರೋನ್‌ಗೆ ಬಯಲಿನ ಲೆಕ್ಕದಲ್ಲಿ +40, ತೋಟದಿಂದ ಏಳುವವನ ಸ್ಕ್ರೀನಿನಲ್ಲಿ ಅದು 60. ಸರ್ವೆ ಡ್ರೋನ್‌ಗೆ +80, ಗುಡ್ಡದಿಂದ ಏಳುವವನ ಸ್ಕ್ರೀನಿನಲ್ಲಿ 30. ಈ ಪರಿವರ್ತನೆ ಉಲ್ಟಾ ಮಾಡಿದರೆ ಡ್ರೋನ್ ನೇರ ಗುಡ್ಡಕ್ಕೆ ಹೊಡೆಯಬಹುದು. ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಿ. ಹೈಟೆನ್ಷನ್ ಲೈನ್ ಇರುವ ಬಯಲಿನಲ್ಲಿ ಮರಳುವ ದಾರಿ ತಂತಿಯನ್ನು ದಾಟದಂತೆ ಜಾಗ ಆರಿಸಿ. ತೆಳು ತಂತಿಯನ್ನು ಡ್ರೋನ್‌ನ ಸೆನ್ಸರ್ ಕಾಣುತ್ತದೆಂಬ ಭರವಸೆ ಇಲ್ಲ.

ಇಕ್ಕಟ್ಟು ಇರುವುದು ನೆಲದಲ್ಲಿ

ಬಜ್ಪೆಗೆ ಗಂಟೆಗೆ ಎಷ್ಟು ವಿಮಾನ ಬರಬಹುದು ಎಂಬುದನ್ನು ಆಕಾಶಕ್ಕಿಂತ ರನ್‌ವೇ ತೀರ್ಮಾನಿಸುತ್ತದೆ. ತೋಟದಲ್ಲಿ ಆ ಮಿತಿ ಇಳಿಯುವ ಪ್ಯಾಡ್. ತುಂಬಿದ ಟ್ಯಾಂಕಿನಲ್ಲಿ ಹಾರಾಟ 8–10 ನಿಮಿಷ, ಇಳಿದು ಮದ್ದು ತುಂಬಿಸಿ ಬ್ಯಾಟರಿ ಬದಲಿಸಲು 4–5 ನಿಮಿಷ ಎಂದಿಟ್ಟರೆ ಒಂದು ಸುತ್ತಿಗೆ ಸುಮಾರು 14 ನಿಮಿಷ. ಮೂರು ಡ್ರೋನ್‌ಗೆ ಒಂದೇ ಪ್ಯಾಡ್ ಆದರೆ ಮೂರೂ ಸೇರಿ ಅದನ್ನು ಸುತ್ತಿಗೆ 15 ನಿಮಿಷ ಹಿಡಿದಿಡುತ್ತವೆ. ಅಂದರೆ ಒಬ್ಬರಲ್ಲ ಒಬ್ಬರು ಬ್ಯಾಟರಿ ಮುಗಿಯುತ್ತಾ ಮೇಲೆ ಕಾಯಲೇಬೇಕು. ಇದೇ ಕಾರಣಕ್ಕೆ ತುಂಡಿಗೊಂದು ಪ್ಯಾಡ್. ಜಾಗ ಇಲ್ಲದಿದ್ದರೆ ಡ್ರೋನ್ ಸಂಖ್ಯೆ ಕಡಿಮೆ ಮಾಡಿ. ಪ್ಯಾಡ್‌ಗಳ ನಡುವೆ ಕನಿಷ್ಠ 30 ಮೀಟರ್ ಇರಲಿ, ಸುತ್ತ 10 ಮೀಟರ್‌ಗೆ ಮಕ್ಕಳು, ದನ, ಬೈಕು ಬಾರದಂತೆ ಹಗ್ಗ ಕಟ್ಟಿ.

ಕಾಯಿಸುವುದಿದ್ದರೆ ನೆಲದಲ್ಲೇ ಕಾಯಿಸಿ. ಇಳಿಯುವ ನಿಲ್ದಾಣದಲ್ಲಿ ದಟ್ಟಣೆ ಇದ್ದಾಗ ವಿಮಾನಗಳನ್ನು ಹೊರಡುವ ಊರಿನಲ್ಲೇ ತಡೆದಿಡುವುದು ಇದೇ ತತ್ವದ ಮೇಲೆ. ಬ್ಯಾಟರಿ ಶೇಕಡಾ 30ಕ್ಕೆ ಬಂದಾಗ ಮರಳಲು ತೊಡಗಬೇಕು. ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣ ಬೆರೆಸಿದ ಕೊಳೆರೋಗದ ಮದ್ದು) ಸುಣ್ಣದ ಗಸಿ ಮದ್ದು ಚಿಮ್ಮುವ ನಾಸಲ್ ಕಟ್ಟಿಸಿದರೆ ‘ಇನ್ನೂ ಅರ್ಧ ಟ್ಯಾಂಕ್ ಇದೆ’ ಎಂದು ಪೈಲಟ್ ಹಾರುತ್ತಲೇ ಇರುತ್ತಾನೆ, ಭಾರ ಹೊತ್ತ ಡ್ರೋನ್‌ನ ಬ್ಯಾಟರಿ ಅಂದಾಜಿಗಿಂತ ಬೇಗ ಇಳಿಯುತ್ತದೆ. ದ್ರಾವಣವನ್ನು ಎರಡು ಸಲ ಸೋಸಿ ತುಂಬಿಸಿ.

ಒಬ್ಬ ಕಂಟ್ರೋಲರ್, ಎಣಿಸಿದ ಮಾತು

ಬಯಲಿಗೆ ಒಬ್ಬ ಕಂಟ್ರೋಲರ್ ಬೇಕು. ಅವನ ಕೈಯಲ್ಲಿ ರಿಮೋಟ್ ಇರಕೂಡದು, ಮದ್ದು ಬೆರೆಸುವ ಕೆಲಸವೂ ಬೇಡ. ಎಲ್ಲ ತುಂಡು ಕಾಣುವ ಎತ್ತರದಲ್ಲಿ ನಿಂತು, ಹಲಗೆಯ ಮೇಲೆ ಯಾವ ಡ್ರೋನ್ ಮೇಲಿದೆ, ಎಷ್ಟು ಗಂಟೆಗೆ ಎದ್ದಿತು ಎಂದು ಬರೆಯುವುದೇ ಅವನ ಕೆಲಸ. ಅವನು ಹೇಳದೆ ಯಾರೂ ಏಳುವಂತಿಲ್ಲ.

ವಾಟ್ಸ್ಯಾಪ್ ಗುಂಪನ್ನು ನಂಬಬೇಡಿ. ಬಯಲಿನಲ್ಲಿ ನೆಟ್‌ವರ್ಕ್ ಕಡಿಯುತ್ತದೆ, ಗಡಿಯ ಹತ್ತಿರ ಫೋನ್ ಕರ್ನಾಟಕದ ಟವರಿಗೂ ಕೇರಳದ ಟವರಿಗೂ ಹೊಯ್ದಾಡುತ್ತದೆ. 446.0–446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ವಾಕಿಟಾಕಿಗೆ ಭಾರತದಲ್ಲಿ ಲೈಸೆನ್ಸ್ ಬೇಡ. ಉಪಕರಣಕ್ಕೆ ಅನುಮೋದನೆ ಇರುವುದನ್ನು ನೋಡಿ ಕೊಳ್ಳಿ. ಬೇರೆ ತರಂಗಾಂತರದ ಅಗ್ಗದ ಸೆಟ್ಟನ್ನು ಲೈಸೆನ್ಸ್ ಇಲ್ಲದೆ ಬಳಸುವುದು ಅಪರಾಧ.

ಇಲ್ಲಿ ಒಬ್ಬನದು ತುಳು, ಒಬ್ಬನದು ಮಲೆಯಾಳ, ಒಬ್ಬನದು ಹವ್ಯಕ ಕನ್ನಡ. ಮನೆಮಾತು ಯಾವುದಾದರೂ ಇರಲಿ, ರೇಡಿಯೋದಲ್ಲಿ ಮೊದಲೇ ಒಪ್ಪಿದ ಐದು ಕರೆ ಮಾತ್ರ: ಏಳು, ಇಳಿ, ನಿಲ್ಲು, ತಗ್ಗು, ಸಂಪರ್ಕ ಹೋಯಿತು. ಪ್ರತಿ ಕರೆಗೂ ಮೊದಲು ತುಂಡಿನ ಸಂಖ್ಯೆ. ಕೇಳಿದವನು ಅದನ್ನೇ ಮರಳಿ ಹೇಳಬೇಕು. ‘ಆಯ್ತು’, ‘ಶರಿ’ ಎಂದರೆ ಉತ್ತರವೆಂದು ಲೆಕ್ಕಕ್ಕಿಲ್ಲ. 1977ರಲ್ಲಿ ಟೆನೆರಿಫೆಯ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅಸ್ಪಷ್ಟ ಮಾತು ಅದರ ಕಾರಣಗಳಲ್ಲಿ ಒಂದು. ಅಲ್ಲಿಂದ ಮುಂದೆ ಜಗತ್ತಿನ ವಿಮಾನಯಾನ ರೇಡಿಯೋ ಮಾತನ್ನು ಬಿಗಿಗೊಳಿಸಿತು.

ಹೆಲಿಕಾಪ್ಟರ್ ಬಂದರೆ

ಜನರಿರುವ ಯಾವ ವಿಮಾನಕ್ಕೂ ಡ್ರೋನ್ ದಾರಿ ಬಿಡಲೇಬೇಕು, ನಿಯಮದಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಪ್ರಯಾಣಿಕರ ವಿಮಾನಗಳು ನಮ್ಮ ತೋಟಗಳ ಮೇಲೆ ಬಹಳ ಎತ್ತರದಲ್ಲಿರುತ್ತವೆ. ತಗ್ಗಿನಲ್ಲಿ ಬರುವುದು ಹೆಲಿಕಾಪ್ಟರ್: ಕರಾವಳಿಯುದ್ದಕ್ಕೆ ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್‌ನವು, ನೆರೆಯ ಸಮಯದಲ್ಲಿ ರಕ್ಷಣಾ ತಂಡದವು, ಶಾಲಾ ಮೈದಾನದಲ್ಲಿ ಇಳಿಯುವ ಗಣ್ಯರದು. ಗಂಟೆಗೆ 220 ಕಿಲೋಮೀಟರ್ ವೇಗದಲ್ಲಿ ಬರುವ ಹೆಲಿಕಾಪ್ಟರಿನ ಸದ್ದು 3 ಕಿಲೋಮೀಟರ್ ದೂರದಲ್ಲಿ ಕೇಳಿದರೂ ನಿಮ್ಮ ತಲೆಯ ಮೇಲೆ ಬರಲು 50 ಸೆಕೆಂಡ್ ಸಾಕು. ಸೆಕೆಂಡಿಗೆ 3 ಮೀಟರ್‌ನಂತೆ ಇಳಿಯುವ ಡ್ರೋನ್ 90 ಮೀಟರ್ ಇಳಿಯಲು 30 ಸೆಕೆಂಡ್ ಬೇಕು. ಉಳಿಯುವುದು 20.

ಹಾಗಾಗಿ ಅನುಕ್ರಮ ಹೀಗೆ: ಸದ್ದು ಕೇಳಿದವರು ಯಾರೇ ಆಗಲಿ ‘ಎಲ್ಲರೂ ತಗ್ಗು’ ಎನ್ನಬೇಕು. ಪೈಲಟ್ ಇದ್ದಲ್ಲೇ ಮರದ ತಲೆಯ ಹತ್ತಿರಕ್ಕೆ ನೇರ ಇಳಿಸಬೇಕು, ಆಮೇಲೆ ತಗ್ಗಿನಲ್ಲೇ ಪ್ಯಾಡಿಗೆ ತರಬೇಕು. ‘ಹೋಮ್’ ಗುಂಡಿ ಒತ್ತಬೇಡಿ. ಅದು ಮೊದಲು ಡ್ರೋನನ್ನು ಮೇಲಕ್ಕೇರಿಸುತ್ತದೆ. ಹೆಲಿಕಾಪ್ಟರ್ ಹೋದ ಮೇಲೂ ಐದು ನಿಮಿಷ ನೆಲದಲ್ಲಿರಿ, ಅದು ಸುತ್ತು ಹೊಡೆದು ಮರಳಬಹುದು. ಮದ್ದು ಅರ್ಧಕ್ಕೆ ನಿಂತಿತೆಂದು ತೋಟದ ಯಜಮಾನರು ಒತ್ತಾಯಿಸಿದರೂ ಕಂಟ್ರೋಲರ್ ಬಗ್ಗಕೂಡದು.

ಕೆಳಗಿರುವವರಿಗೆ ಮೊದಲೇ ತಿಳಿಸಿ

ಈ ಜಿಲ್ಲೆಯಲ್ಲಿ ಆಕಾಶದಿಂದ ಮದ್ದು ಬೀಳುವುದೆಂದರೆ ಬೇರೆಡೆಯಂತೆ ಸಾಮಾನ್ಯ ವಿಷಯವಲ್ಲ. ಸರಕಾರಿ ಗೇರು ತೋಟಗಳಿಗೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲವನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಮನೆಗಳು ಇಂದೂ ಹೊರುತ್ತಿವೆ. ತಲೆಯ ಮೇಲೆ ಸದ್ದು ಕೇಳಿದಾಗ ಅಲ್ಲಿನ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡರೆ ಅದಕ್ಕೆ ಕಾರಣವಿದೆ. ಏನು ಸಿಂಪಡಿಸುತ್ತೀರಿ (ಮೈಲುತುತ್ತು ಮತ್ತು ಸುಣ್ಣ, 100 ಲೀಟರ್ ನೀರಿಗೆ ತಲಾ 1 ಕಿಲೋ), ಯಾವಾಗ, ಎಲ್ಲಿ ಎಂದು ಬರೆದು ಹಿಂದಿನ ದಿನವೇ ಪಂಚಾಯತಿಗೆ, ಕೃಷಿಭವನಕ್ಕೆ, ಸುತ್ತಲಿನ ಪ್ರತಿ ಮನೆಗೆ ಕನ್ನಡ, ಮಲೆಯಾಳ ಎರಡರಲ್ಲೂ ಕೊಡಿ. ಬಾವಿ, ಕೆರೆ ಮುಚ್ಚಲು, ಬಟ್ಟೆ ಒಳಗಿಡಲು ಸಮಯ ಸಿಗಬೇಕು. ಮನೆ, ಶಾಲೆ, ನೀರಿನ ಪಕ್ಕದ ಸಾಲುಗಳನ್ನು ಡ್ರೋನ್‌ಗೆ ಬಿಡದೆ ದೋಟಿಯಲ್ಲೇ ಮುಗಿಸಿ. ಹತ್ತೂವರೆಯ ಮೇಲೆ ಕಡಲ ಗಾಳಿ ಬಲಿಯತೊಡಗುತ್ತದೆ, ಮದ್ದು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಬಾಕಿ ಉಳಿದರೆ ನಾಳೆಗೆ.

ಜಾತ್ರೆ, ಬೆಡಿ

ಕುಂಬಳೆ ಬೆಡಿಯಂಥ ಸುಡುಮದ್ದಿನ ಉತ್ಸವದಲ್ಲಿ ಪದರ ಹಂಚುವ ಲೆಕ್ಕ ನಡೆಯುವುದಿಲ್ಲ. ಸುಡುಮದ್ದು ಎಷ್ಟು ಎತ್ತರಕ್ಕೆ ಹೋಗಿ ಸಿಡಿಯುತ್ತದೆಂದು ಯಾರ ಕೈಯಲ್ಲೂ ಇಲ್ಲ, ಸಾವಿರಾರು ಫೋನ್‌ಗಳ ನಡುವೆ ರಿಮೋಟಿನ ಸಿಗ್ನಲ್ ಸೊರಗುತ್ತದೆ. ಅಲ್ಲಿ ಒಂದೇ ಹೊತ್ತಿಗೆ ಒಂದೇ ಡ್ರೋನ್, ಅದೂ ಆಡಳಿತ ಸಮಿತಿ ಮತ್ತು ಪೊಲೀಸರಿಗೆ ಹೆಸರು ಕೊಟ್ಟದ್ದು, ಜನರ ತಲೆಯ ಮೇಲಲ್ಲದೆ ಬದಿಯಿಂದ. ಉಳಿದ ವಿಡಿಯೋದವರು ಆ ದೃಶ್ಯವನ್ನು ಹಂಚಿಕೊಳ್ಳಲಿ. ಬೆಡಿ ಶುರುವಾಗುವ ಮೊದಲು ಡ್ರೋನ್ ನೆಲದಲ್ಲಿರಬೇಕು.

ಏನಾದರೂ ಆದರೆ

ಡಿಕ್ಕಿಯಾಗಿ ಡ್ರೋನ್ ಬಿದ್ದರೆ ಕಂಟ್ರೋಲರ್ ಉಳಿದವನ್ನೆಲ್ಲ ಇಳಿಸಬೇಕು. ಆಮೇಲೆ ಹುಡುಕಲು ಹೋಗುವುದು. ಬಿದ್ದ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ, ಹೊಗೆಯಾಡುತ್ತಿದ್ದರೆ ಮುಟ್ಟಬೇಡಿ. ಸುತ್ತಲಿನ ಒಣ ಸೋಗೆ ಸರಿಸಿ, ಮರಳು ಮತ್ತು ಸಾಕಷ್ಟು ನೀರು ಹತ್ತಿರ ಇಟ್ಟುಕೊಂಡು ಕಾಯಿರಿ. ಹಾರಾಟದ ದಾಖಲೆಯನ್ನು ರಿಮೋಟಿನಿಂದ ಅಳಿಸಬೇಡಿ. ಅಪಘಾತವನ್ನು 48 ಗಂಟೆಯೊಳಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಆನ್‌ಲೈನ್ ಮೂಲಕ ವರದಿ ಮಾಡಬೇಕು. ಡಿಕ್ಕಿಯಾಗದೆ ಸ್ವಲ್ಪದರಲ್ಲಿ ತಪ್ಪಿದ್ದಾದರೆ ಅದನ್ನೂ ಹಲಗೆಯ ಲೆಕ್ಕದಿಂದ ಪುಸ್ತಕಕ್ಕೆ ಇಳಿಸಿ: ಯಾವ ತುಂಡು, ಸೊನ್ನೆಯಿಂದ ಎಷ್ಟು ಎತ್ತರ, ಯಾವ ಕರೆ ಕೇಳಿಸಲಿಲ್ಲ. ಎರಡನೆಯ ಸುತ್ತಿನ ಮದ್ದಿಗೆ ತುಂಡುಗಳ ಗಡಿ ಎಳೆಯುವಾಗ ಆ ಪುಟ ಮುಂದಿರಲಿ.